ಸಂಪಾದಕರ ಉತ್ತರ: ಗಡಿಯಾರ ನೋಡಿ ಕೊಡುವ ಮಾತ್ರೆ

ರೋಣ ತಾಲ್ಲೂಕಿನಿಂದ ಬರೆದ ಸಹೋದರಿಗೆ,

ಬಾಯಿ ಕ್ಯಾನ್ಸರ್ ಆದ ನಿಮ್ಮ ಮಾವನವರನ್ನು “ಇನ್ನು ಮನೆಯಲ್ಲೇ ನೋಡಿಕೊಳ್ಳಿ” ಎಂದು ಹುಬ್ಬಳ್ಳಿಯಿಂದ ಕಳುಹಿಸಿ 18 ದಿನವಾಯಿತು. ನೋವು ತಗ್ಗಿಸುವ ಮಾರ್ಫಿನ್ ಚಟ ಹಿಡಿಸುತ್ತದೆಂದು ಮೈದುನ ಮಾತ್ರೆಗಳನ್ನು ಟ್ರಂಕಿನಲ್ಲಿಟ್ಟು, ನರಳಾಟ ಮಿತಿ ಮೀರಿದಾಗ ಒಂದು ಕೊಡುತ್ತಾರೆ. ನಾದಿನಿ ದಿನವೂ ಫೋನ್ ಮಾಡಿ “ಅಪ್ಪನನ್ನು ಉಪವಾಸ ಕೆಡವಿದ್ದೀರಿ” ಎನ್ನುತ್ತಾರೆ. ನಿಮ್ಮ ಪತ್ರದ ಸಾರ ಇಷ್ಟು.

ಮೊದಲು ಟ್ರಂಕಿನ ಬೀಗ ತೆಗೆಸಿ. ವೈದ್ಯರು ಬರೆದಷ್ಟೇ ಪ್ರಮಾಣದಲ್ಲಿ ನೋವಿಗೆಂದು ಕೊಡುವ ಮಾರ್ಫಿನ್ ಚಟವಾಗುವುದು ತೀರ ಅಪರೂಪ. ಅದು ಸಾವನ್ನು ಹತ್ತಿರ ತರುವುದೂ ಇಲ್ಲ. ಸಾಮಾನ್ಯ (ನಿಧಾನವಾಗಿ ಕರಗುವ ಬಗೆಯದಲ್ಲದ) ಮಾರ್ಫಿನ್ ಮಾತ್ರೆಯ ಪ್ರಭಾವ ಸುಮಾರು 4 ಗಂಟೆ. ಆದ್ದರಿಂದ ಗಡಿಯಾರ ನೋಡಿ ಕೊಡಬೇಕೇ ಹೊರತು ನರಳಾಟ ಕೇಳಿ ಅಲ್ಲ. ಏರಿದ ನೋವನ್ನು ಇಳಿಸುವುದು ಕಷ್ಟ. ಮಲಗುವ ಹೊತ್ತಿನ ಪ್ರಮಾಣ ಹೆಚ್ಚಿಸಿ ನಡುರಾತ್ರಿಯದನ್ನು ಬಿಡಬಹುದೇ ಎಂದು ವೈದ್ಯರನ್ನೇ ಕೇಳಿ. ಹಾಗೆ ಬರೆದುಕೊಡುವ ಪದ್ಧತಿ ಇದೆ, ನಿಮ್ಮ ನಿದ್ದೆಯೂ ಉಳಿದೀತು. ಮಲಬದ್ಧತೆಯಂತೂ ಬಂದೇ ಬರುತ್ತದೆ, ಅದರ ಔಷಧವನ್ನೂ ಬರೆಸಿಕೊಳ್ಳಿ. ವಿಪರೀತ ಮಂಪರು ಕಂಡರೆ ತಡಮಾಡದೆ ಫೋನ್ ಮಾಡಿ.

ಕೆನ್ನೆಯ ಹುಣ್ಣಿನ ವಾಸನೆಗೆ ಮಂಚವನ್ನು ಪಡಸಾಲೆಯಿಂದ ಹಿಂದಿನ ಕೋಣೆಗೆ ಸಾಗಿಸಿ, ಊದುಬತ್ತಿ ಹಚ್ಚುತ್ತಿದ್ದೀರಿ. ಊದುಬತ್ತಿಯಿಂದ ಅವರಿಗೆ ಕೆಮ್ಮು ಬರುತ್ತದೆ ಅಷ್ಟೇ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ತೊಳೆದ ಹುಣ್ಣಿನ ಮೇಲೆ ಉದುರಿಸುವುದು ಇಂಥವರ ಆರೈಕೆ ಮಾಡುವವರ ಹಳೆಯ ಉಪಾಯ. ನಾತ ಹುಟ್ಟಿಸುವ ಬ್ಯಾಕ್ಟೀರಿಯಾವನ್ನೇ ಅದು ಕೊಲ್ಲುತ್ತದೆ. ವೈದ್ಯರು ಒಪ್ಪಿದರೆ ಮಾಡಿ ನೋಡಿ. ವಾಸನೆ ತಗ್ಗಿದ ದಿನ ಮಂಚ ಪಡಸಾಲೆಗೆ ಮರಳಲಿ, ಮೊಮ್ಮಕ್ಕಳು ಹತ್ತಿರ ಸುಳಿಯಲಿ.

ಊಟದ ವಿಷಯದಲ್ಲಿ ನಿಮ್ಮ ತಪ್ಪಿಲ್ಲ. ಕೊನೆಗಾಲದಲ್ಲಿ ದೇಹವೇ ಅನ್ನ ಬೇಡವೆನ್ನುತ್ತದೆ. ಒತ್ತಾಯದಿಂದ ಹಾಕಿದ ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು. ನೀರಲ್ಲಿ ಅದ್ದಿದ ಹತ್ತಿಯಿಂದ ತುಟಿ, ನಾಲಿಗೆ ಒರೆಸಿ. ಕೇಳಿದರೆ ಎರಡು ಚಮಚ ಮಜ್ಜಿಗೆ ಕೊಡಿ.

ಹಾಳೆಯ ಅಂಚಿನಲ್ಲಿ “ಬೇಗ ಮುಗಿಯಲಿ ಎನಿಸುತ್ತದೆ, ಪಾಪವೇ?” ಎಂದು ಬರೆದು ಹೊಡೆದುಹಾಕಿದ್ದೀರಿ. ಹೊಡೆದರೂ ಓದಲು ಬಂತು. ತಾಯಿಯ ಹಾಸಿಗೆಯ ಪಕ್ಕ ಕುಳಿತ ಏಳನೆಯ ವಾರ ನನಗೂ ಹಾಗೇ ಅನಿಸಿತ್ತು. ಅದು ನಿದ್ದೆಗೆಟ್ಟ ಮೈಯ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈ ಪುಟವನ್ನು ಮೈದುನನಿಗೆ ಓದಿಸಿ, ವಾರದಲ್ಲಿ ಎರಡು ರಾತ್ರಿ ಅವರಿಗೆ ವಹಿಸಿ. ನಾದಿನಿ ಬರುತ್ತೇನೆಂದರೆ ಮೂಸಂಬಿ ಬೇಡ, ನಾಲ್ಕು ದಿನ ಉಳಿಯುವಷ್ಟು ಸೀರೆ ತನ್ನಿ ಎನ್ನಿ.

— ಸಂ.