ಬಾಕುಚಿಯೋಲ್ ಸರಿ, ಬಾವಂಚಿ ಎಣ್ಣೆ ಬೇಡ

ಪ್ರಶ್ನೆ: ನನಗೆ 38 ವರ್ಷ. ಕಣ್ಣಿನ ಸುತ್ತ ಗೆರೆ ಮೂಡುತ್ತಿವೆ ಅಂತ ರೆಟಿನಾಲ್ (ಗೆರೆ ತಗ್ಗಿಸಲು ಹಚ್ಚುವ, ವಿಟಮಿನ್ ಎ ಜಾತಿಯದ್ದು) ಹಚ್ಚಿದೆ. ಎರಡೇ ವಾರಕ್ಕೆ ಮುಖ ಉರಿದು ಸಿಪ್ಪೆ ಎದ್ದಿತು, ಈಗಲೂ ಉರಿಯುತ್ತಿದೆ. ಗೆಳತಿ ಬಾಕುಚಿಯೋಲ್ ಸೀರಮ್ ಹಚ್ಚು ಅನ್ನುತ್ತಾಳೆ. ಅದು ಬಾವಂಚಿ ಬೀಜದಿಂದಲೇ ಬರುವುದಾದರೆ ಬೀಜದ ಎಣ್ಣೆಯನ್ನೇ ಹಚ್ಚಬಹುದಲ್ವಾ? ಇನ್ನೊಂದು ಮಗುವಿನ ಯೋಚನೆಯೂ ಇದೆ.

ಉತ್ತರ: ಎಣ್ಣೆ ಖಂಡಿತ ಬೇಡ. ಬಾವಂಚಿ ಬೀಜದಲ್ಲಿ ಸೋರಾಲೆನ್ ಅನ್ನುವ ಅಂಶವಿದೆ, ಅದು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಸುಟ್ಟಂತಾಗಿ ಬೊಬ್ಬೆ ಏಳಬಹುದು, ಆಮೇಲೆ ಕಪ್ಪು ಕಲೆ ಉಳಿಯಬಹುದು. ತೊನ್ನಿನ ಚಿಕಿತ್ಸೆಯಲ್ಲಿ ಬಾವಂಚಿ ಬಳಸುವುದೂ ಬಿಸಿಲಿನ ಜೊತೆಗಿನ ಈ ನಂಟಿಗಾಗಿಯೇ. ಒಳ್ಳೆಯ ಸೀರಮ್‌ನಲ್ಲಿ ಇರುವುದು ಬೀಜದಿಂದ ಬೇರ್ಪಡಿಸಿ ಶುದ್ಧ ಮಾಡಿದ ಬಾಕುಚಿಯೋಲ್ ಮಾತ್ರ. ಹಾಗಾಗಿ ಲೇಬಲ್‌ನಲ್ಲಿ ಬಾಕುಚಿಯೋಲ್ ಅಂತ ಇದೆಯೋ, ಬೀಜದ ಎಣ್ಣೆ ಅಂತ ಇದೆಯೋ, ಸರಿಯಾಗಿ ಓದಿ.

ಇನ್ನು ಸೀರಮ್ ಕೆಲಸ ಮಾಡುತ್ತದಾ? 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಒಂದು ಅಧ್ಯಯನ ಅಚ್ಚಾಯಿತು. 44 ಜನರಲ್ಲಿ ಕೆಲವರು 0.5% ಬಾಕುಚಿಯೋಲ್ ಅನ್ನು ದಿನಕ್ಕೆ ಎರಡು ಸಲ, ಉಳಿದವರು 0.5% ರೆಟಿನಾಲ್ ಅನ್ನು ದಿನಕ್ಕೊಮ್ಮೆ, 12 ವಾರ ಹಚ್ಚಿದರು. ಎರಡೂ ಗುಂಪಿನಲ್ಲಿ ಗೆರೆ, ಕಲೆ ಹೆಚ್ಚುಕಡಿಮೆ ಒಂದೇ ಥರ ತಗ್ಗಿದವು. ಉರಿ, ಸಿಪ್ಪೆ ಜಾಸ್ತಿ ಕಂಡದ್ದು ರೆಟಿನಾಲ್ ಹಚ್ಚಿದವರಲ್ಲಿ. ಚಿಕ್ಕ ಅಧ್ಯಯನ ನಿಜ, ಆದರೂ ನಿಮ್ಮಂಥ ಚರ್ಮದವರು ಇದನ್ನು ಪ್ರಯತ್ನಿಸಿ ನೋಡಬಹುದು ಅಂತಲೇ ನನ್ನ ಅನಿಸಿಕೆ.

ಆದರೆ ಇವತ್ತೇ ಶುರು ಮಾಡಬೇಡಿ. ಮೊದಲು ಉರಿ ಪೂರ್ತಿ ಇಳಿಯಲಿ, ಅಲ್ಲಿಯವರೆಗೆ ಸುಮ್ನೆ ಒಂದು ಮಾಯಿಶ್ಚರೈಸರ್ ಸಾಕು. ಆಮೇಲೆ ಮೊಣಕೈ ಒಳಭಾಗದಲ್ಲಿ ನಾಲ್ಕೈದು ದಿನ ಹಚ್ಚಿ ನೋಡಿ, ಯಾಕೆಂದರೆ ಅಪರೂಪಕ್ಕೆ ಇದಕ್ಕೂ ಅಲರ್ಜಿ ಆದವರಿದ್ದಾರೆ. ತುರಿಕೆ ಇಲ್ಲದಿದ್ದರೆ ವಾರಕ್ಕೆ ಮೂರು ರಾತ್ರಿ, ನಿಧಾನಕ್ಕೆ ದಿನವೂ. ಬೆಳಿಗ್ಗೆಯೂ ಹಚ್ಚಬಹುದು, ರೆಟಿನಾಲ್ ಬೆಳಕಿಗೆ ಬೇಗ ಕೆಡುತ್ತದೆ, ಇದು ಹಾಗಲ್ಲ. ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಮಾತ್ರ ಬಿಡಬೇಡಿ, ಗೆರೆಗಳಿಗೆ ದೊಡ್ಡ ಕಾರಣವೇ ಬಿಸಿಲು.

ಮಗುವಿನ ಯೋಚನೆ ಇದ್ದರೆ ರೆಟಿನಾಲ್ ಅಂತೂ ಬೇಡವೇ ಬೇಡ. ಬಾಕುಚಿಯೋಲ್ ಅದರ ಜಾತಿಗೆ ಸೇರಿದ್ದಲ್ಲ, ಆದರೆ ಗರ್ಭಿಣಿಯರ ಮೇಲೆ ಇದರ ಪರೀಕ್ಷೆ ಸಾಕಷ್ಟು ನಡೆದಿಲ್ಲ. "ಗಿಡದ್ದು, ಏನೂ ಆಗಲ್ಲ" ಅನ್ನುವ ಮಾತನ್ನು ನಂಬಿ ಕೂರಬೇಡಿ. ಗರ್ಭ ನಿಂತಿದೆ ಅಂತ ಗೊತ್ತಾದ ದಿನವೇ ನಿಲ್ಲಿಸಿ, ಸೀರಮ್ ಬಾಟಲಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ ಕೇಳಿ.