ಧ್ರುವದ ಓಟಕ್ಕೆ ಧಾರವಾಡದಲ್ಲಿ ತಯಾರಿ

ಹಿಮವೇ ಇಲ್ಲದ ಧಾರವಾಡದಲ್ಲಿ ಅಂಟಾರ್ಕ್ಟಿಕಾ ಮ್ಯಾರಥಾನ್‌ಗೆ ಹೇಗೆ ಸಿದ್ಧರಾಗುವುದು, ಅಲ್ಲಿಗೆ ವಿಮಾನ ಹೊರಡುವ ಚಿಲಿಯ ಪುಂಟಾ ಅರೇನಸ್‌ನಲ್ಲಿ ಅದು ತಡವಾದರೆ ಏನು ಮಾಡುವುದು ಎಂದು ಕೇಳಿದ್ದೀರಿ. ಓಟ ನಡೆಯುವ ಯೂನಿಯನ್ ಗ್ಲೇಸಿಯರ್ ಎಂಬ ಹಿಮನದಿಯ ಮೇಲಿನ ಹಿಮ ಅನೇಕ ಕಡೆ ಕಾಲಡಿ ಕುಸಿಯುವುದರಿಂದ, ಕೆಲಗೇರಿ ಕೆರೆಯ ಗಟ್ಟಿ ದಾರಿಯನ್ನು ಬಿಟ್ಟು, ಕಡಲೆ ಕಿತ್ತು ಹರಗಿದ ಎರೆಹೊಲದಲ್ಲಿ, ಹೊಲದವರನ್ನು ಕೇಳಿಕೊಂಡು, ಹಿಮ್ಮಡಿ ಹೂತುಹೋಗುವಂತೆ ವಾರಕ್ಕೆರಡು ಬಾರಿ ನಿಧಾನವಾಗಿ ಓಡಿರಿ. ಅಂಟಾರ್ಕ್ಟಿಕಾದಲ್ಲಿ ಚಳಿಗಿಂತ ಬೆವರಿಗೆ ಹೆಚ್ಚು ಅಂಜಬೇಕು. ಒದ್ದೆಯಾದ ಒಳಂಗಿ, ನೀವು ನಿಂತ ಕೂಡಲೇ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಆದ್ದರಿಂದ ಹತ್ತಿಯ ಬಟ್ಟೆ ಬೇಡವೇ ಬೇಡ, ತೆಳು ಉಣ್ಣೆಯದಿರಲಿ. ವಿಮಾನವು ಹಿಮದ ಹೊದಿಕೆಯಿಲ್ಲದ, ಜಾರುವ ನೀಲಿ ಮಂಜುಗಡ್ಡೆಯ ಮೇಲೆಯೇ ಇಳಿಯಬೇಕಾದ್ದರಿಂದ ಅಡ್ಡಗಾಳಿ ತಗ್ಗುವವರೆಗೆ ಪುಂಟಾ ಅರೇನಸ್‌ನಲ್ಲಿ ಕಾಯಲೇಬೇಕಾಗುತ್ತದೆ. ಆ ದಿನಗಳಲ್ಲಿ ಅರ್ಧ ತಾಸು ಹಗುರವಾಗಿ ಓಡಿ, ಹೊತ್ತಿಗೆ ಸರಿಯಾಗಿ ಉಂಡು ಮಲಗಿರಿ, 42.195 ಕಿಲೋಮೀಟರಿಗೆ ಬೇಕಾದ ಕಸುವನ್ನು ಅಲ್ಲಿಯೇ ಕಳೆದುಕೊಳ್ಳಬೇಡಿರಿ.