ಚೆಂಡೆ ಬಿದ್ದಾಗೆಲ್ಲ ಪರಪರ

ಪ್ರಶ್ನೆ: ಅಪ್ಪನ ಕಾಲದ ಯಕ್ಷಗಾನ ಕ್ಯಾಸೆಟ್‌ಗಳನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ. ಚೆಂಡೆ ಬಿದ್ದಾಗೆಲ್ಲ ಪರಪರ ಅನ್ನುತ್ತದೆ. ಟೇಪ್‌ನಲ್ಲಿ ಹಾಗಿಲ್ಲ. 192 ಕಿಲೋಹರ್ಟ್ಸ್‌ಗೆ ಕನ್ವರ್ಟ್ ಮಾಡಿದರೆ ಸರಿಯಾಗುತ್ತದೆ ಎಂದು ಅಂಗಡಿಯವರು ಹೇಳಿದರು. ನಿಜವೇ?

ಸುಳ್ಳು. ಅವರಿಗೆ ದುಡ್ಡು ಕೊಡಬೇಡಿ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ.

ಆಗಿರುವುದು ಕ್ಲಿಪ್ಪಿಂಗ್. 16 ಬಿಟ್ ಎಂದರೆ ಸದ್ದನ್ನು ಅಳೆಯಲು 65,536 ಮಟ್ಟಗಳು. ಕೊನೆಯ ಮಟ್ಟಕ್ಕಿಂತ ಜೋರಾದ ಸದ್ದು ಬಂದರೆ ಬರೆಯಲು ಅಂಕಿಯೇ ಇಲ್ಲ. ಹಾಗಾಗಿ ಕೊನೆಯ ಅಂಕಿಯನ್ನೇ ಮತ್ತೆ ಮತ್ತೆ ಬರೆಯುತ್ತದೆ. ಅಲೆಯ ತಲೆ ಬೋಳು. ಅದನ್ನು 192 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 1,92,000 ಸಲ, ಅಳೆದರೆ ಕೂದಲು ಬರುತ್ತಾ? ವಾಲ್ಯೂಮ್ ಇಳಿಸಿದರೂ ಬರುವುದಿಲ್ಲ. ಬೋಳು ತಲೆಯನ್ನು ತುಂಬಿಕೊಡುವ ಡಿಕ್ಲಿಪ್ ಸಾಫ್ಟ್‌ವೇರ್ ಮಾಡುವುದು ಊಹೆ. ಒಂದೆರಡು ಪೆಟ್ಟಿಗೆ ಪರವಾಗಿಲ್ಲ, ಇಡೀ ಕ್ಯಾಸೆಟ್‌ಗೆ ಆಗದು.

ಟೇಪ್ ಹೀಗಲ್ಲ. ಸದ್ದು ಜಾಸ್ತಿಯಾದರೆ ಮೆಲ್ಲಗೆ ಒತ್ತಿಕೊಳ್ಳುತ್ತದೆ. ಅದಕ್ಕೇ ಹಳಬರು ಮೀಟರ್‌ನ ಸೂಜಿಯನ್ನು ಕೆಂಪಿನವರೆಗೂ ಬಿಡುತ್ತಿದ್ದರು. ಆ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಮತ್ತೆ ರೆಕಾರ್ಡ್ ಮಾಡಿ. ಟೇಪ್‌ನ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ವೈರ್ ಹಾಕಿದ್ದೀರಿ, ಅಲ್ವಾ? ಅದು ಬಡಕಲು ಮೈಕ್ ಸಿಗ್ನಲ್‌ಗೆ ಮಾಡಿದ ಜಾಗ, ಬಂದದ್ದನ್ನೆಲ್ಲ ಹಿಗ್ಗಿಸುತ್ತದೆ. ಲೈನ್-ಇನ್ (ಟೇಪ್‌ನಂಥ ಜೋರು ಸಿಗ್ನಲ್‌ಗೆ ಮಾಡಿದ ತೂತು) ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತನ್ನಿ, ಸದ್ದನ್ನು ಅಂಕಿ ಮಾಡಿ ಲ್ಯಾಪ್‌ಟಾಪ್‌ಗೆ ಕೊಡುವ ಡಬ್ಬಿ ಅದು. 24 ಬಿಟ್ ಇಡಿ. ತನ್ನಷ್ಟಕ್ಕೆ ಸದ್ದು ತಗ್ಗಿಸುವ ಸೆಟ್ಟಿಂಗ್‌ಗಳನ್ನು ಆಫ್ ಮಾಡಿ, ಅವು ಚೆಂಡೆಯನ್ನೇ ಗಲಾಟೆ ಅಂದುಕೊಂಡಾವು. ಅತಿ ಜೋರಾದ ಭಾಗ ಹಾಕಿ, ಮೀಟರ್ ಮೈನಸ್ 12 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ (ಸೊನ್ನೆಯೇ ಆ ಕೊನೆಯ ಮಟ್ಟ). "ಬಿಟ್‌ಗೆ 6 ಡೆಸಿಬಲ್‌ನಂತೆ ಎರಡು ಬಿಟ್ ದಂಡವಾಗುತ್ತಲ್ಲ?" ಆಗಲಿ. 16 ಬಿಟ್‌ಗೇ 96 ಡೆಸಿಬಲ್ ಜಾಗವಿದೆ. ಕ್ಯಾಸೆಟ್‌ನ ಸುಯ್ ಸದ್ದಿನ ಮೇಲೆ ಸಿಗುವುದು ಹೆಚ್ಚೆಂದರೆ 60ರ ಆಸುಪಾಸು.

ನಾನಂತೂ ಮೈನಸ್ 18ಕ್ಕೇ ನಿಲ್ಲಿಸುತ್ತೇನೆ. ಒಮ್ಮೆ ರಾತ್ರಿಯಿಡೀ ನಡೆದ ಆಟಕ್ಕೆ ರಾತ್ರಿ ಹತ್ತು ಗಂಟೆ ಹೊತ್ತಿನ ಭಾಗವತಿಕೆ ಕೇಳಿ ಲೆವೆಲ್ ಇಟ್ಟೆ. ಬೆಳಗಿನ ಜಾವದ ಯುದ್ಧ ಪೂರ್ತಿ ಬೋಳು.

ಪ್ರಶ್ನೆ: ಡಿಜಿಟಲ್ ಸಂಗೀತ ಮೆಟ್ಟಿಲು ಮೆಟ್ಟಿಲಾಗಿರುತ್ತದಂತೆ, ಹೌದೇ?

ಇಲ್ಲ. ಹೊರಗೆ ಬರುವಾಗ ಫಿಲ್ಟರ್ ಅಲೆಯನ್ನು ನುಣ್ಣಗೆ ಮಾಡಿಯೇ ಕಳಿಸುತ್ತದೆ.

ಪ್ರಶ್ನೆ: 30,000 ಹರ್ಟ್ಸ್ ಸದ್ದು ಕೇಳಿಸುವುದೇ ಇಲ್ಲ. ಮತ್ತೆ ರೆಕಾರ್ಡ್ ಮಾಡುವಾಗ ಅದನ್ನು ತಡೆಯಲು ಫಿಲ್ಟರ್ ಯಾಕೆ?

ಅಂತೂ ಒಂದು ಒಳ್ಳೆಯ ಪ್ರಶ್ನೆ. ಫಿಲ್ಟರ್ ಇಲ್ಲದೆ ಸೆಕೆಂಡಿಗೆ 44,100 ಸಲ ಅಳೆದರೆ ಅದು 14,100 ಹರ್ಟ್ಸ್‌ನ ವೇಷ ಹಾಕಿ ಬರುತ್ತದೆ. ಆಗ ಕೇಳಿಸುತ್ತದೆ.

ಪ್ರಶ್ನೆ: ಚಿನ್ನದ ಲೇಪದ ಯುಎಸ್‌ಬಿ ಕೇಬಲ್?

ಸುಮ್ನೆ ಖರ್ಚು.

ಪ್ರಶ್ನೆ: ಕಂಪ್ಯೂಟರ್‌ಗೆ ಹಾಕಿದ ಮೇಲೆ ಕ್ಯಾಸೆಟ್ ಗುಜರಿಗೆ ಹಾಕಬಹುದೇ?

ಬೇಡ. ಮೊದಲ ಪ್ರಶ್ನೆ ಕೇಳಿದವರ ಹತ್ತಿರ ಕ್ಯಾಸೆಟ್ ಇನ್ನೂ ಇದೆ ಅಂದುಕೊಂಡೇ ಇಷ್ಟುದ್ದ ಬರೆದಿದ್ದೇನೆ.